ಬಳ್ಳಾರಿಯ ಜಪಾನಿ ಹೋಟೆಲಿನಲ್ಲಿ ಡ್ಯಾಮಿನ ಹಸಿ ಮೀನು: ದಯವಿಟ್ಟು ತಿನ್ನಬೇಡಿ

ಬಳ್ಳಾರಿಯಲ್ಲಿ ಇತ್ತೀಚೆಗೆ ಆರಂಭವಾಗಿರುವ ಜಪಾನಿ ಊಟದ ಹೋಟೆಲಿಗೆ ಹೋಗಬೇಕೆಂದಿರುವವರು ಇದನ್ನು ಓದಿಕೊಂಡು ಹೋಗಬೇಕೆಂದು ವಿನಂತಿ. ಆಹಾರ ಸುರಕ್ಷತಾ ಅಧಿಕಾರಿಗಳಿಗೆ ನಾವು ಕೊಟ್ಟಿರುವ ದೂರು ಇನ್ನೂ ವಿಚಾರಣೆಯಲ್ಲಿರುವುದರಿಂದ ಹೋಟೆಲಿನ ಹೆಸರನ್ನು ಬರೆಯುತ್ತಿಲ್ಲ. ಊಟ ರುಚಿಸಲಿಲ್ಲ ಎಂಬುದಷ್ಟೇ ಆಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ, ರುಚಿ ಅವರವರ ನಾಲಿಗೆಗೆ ಬಿಟ್ಟದ್ದು. ಆದರೆ ಅಲ್ಲಿ ಹಸಿ ಮೀನನ್ನು ಬಡಿಸುತ್ತಿರುವ ರೀತಿ ಅಪಾಯಕಾರಿಯಾಗಿದೆ.

ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಕೆಲಸ ಮಾಡುವ ನಮ್ಮ ಭಾವ ತರಬೇತಿಗೆಂದು ಕೆಲಕಾಲ ಜಪಾನಿನಲ್ಲಿದ್ದವರು. ಅವರ ಆಸೆಗೆಂದೇ ಅಕ್ಕ, ಅವರ ಮಗ, ನಮ್ಮ ತಾಯಿ ಮತ್ತು ನಾನು ಜೊತೆಗೆ ಹೋಗಿದ್ದೆವು. ಮೊದಲು ಬಂದದ್ದು ಸುಶಿ. ಅನ್ನದ ಉಂಡೆಯ ಮೇಲೆ ಕೆಂಪು-ಕಿತ್ತಳೆ ಬಣ್ಣದ ಸಾಲ್ಮನ್ ಮೀನು ಇರಬೇಕಾದಲ್ಲಿ ಬಿಳಿಚಿದ, ಅಂಚಿನಲ್ಲಿ ನೀರು ಒಸರುತ್ತಿದ್ದ ಮೀನಿನ ತುಂಡಿತ್ತು. ಭಾವ ಅದನ್ನು ಎತ್ತಿ ನೋಡಿ, ಉಗುರಿನಿಂದ ಒಂದು ಸಣ್ಣ ಕವಲು ಮುಳ್ಳನ್ನು ಎಳೆದು ತಟ್ಟೆಯ ಅಂಚಿಗೆ ಇಟ್ಟರು. ಮಾಂಸದ ನಡುವೆ ಅಂಥ ಕವಲು ಮುಳ್ಳಿರುವುದು ಕಾಟ್ಲಾ, ರೋಹುವಿನಂಥ ಕೆರೆ-ಹೊಳೆಯ ಮೀನುಗಳಲ್ಲಿ ಎಂಬುದು ನಮ್ಮ ಭಾಗದಲ್ಲಿ ಮೀನು ತಿನ್ನುವ ಎಲ್ಲರಿಗೂ ಗೊತ್ತು. ವಿಚಾರಿಸಿದಾಗ ಬಡಿಸುವ ಹುಡುಗ ಹೆಮ್ಮೆಯಿಂದಲೇ ಹೇಳಿದ: "ಸಾರ್, ಐಸಿನ ಮೀನು ನಮ್ಮಲ್ಲಿ ಇಡಂಗಿಲ್ಲ, ಬೆಳಿಗ್ಗೆನೇ ಡ್ಯಾಮಿನಿಂದ ಬಂದಿದ್ದು."

ಹುಡುಗನನ್ನು ದೂರಿ ಫಲವಿಲ್ಲ; ಮಾಲೀಕರು ಹೇಳಿಕೊಟ್ಟದ್ದನ್ನೇ ಆತ ಹೇಳಿದ. ಆದರೆ ಅವನು ಹಿರಿಮೆಯೆಂದು ಹೇಳಿದ್ದೇ ಈ ಹೋಟೆಲಿನ ದೊಡ್ಡ ದೋಷ. ಬೇಯಿಸದೆ ತಿನ್ನುವ ಮೀನಿನ ವಿಷಯದಲ್ಲಿ ತಾಜಾತನವೊಂದೇ ರಕ್ಷಣೆಯಲ್ಲ. ಮೀನಿನ ಮಾಂಸದಲ್ಲಿ ಅಡಗಿರುವ ಜಂತುಹುಳುವಿನ ಮರಿಗಳು ಬೆಳಿಗ್ಗೆ ಹಿಡಿದ ಮೀನಿನಲ್ಲಿಯೂ ಜೀವಂತವಾಗಿಯೇ ಇರುತ್ತವೆ; ಅವನ್ನು ಕೊಲ್ಲುವುದು ಬೆಂಕಿ ಅಥವಾ ಕಡುಶೀತ. ಅದಕ್ಕಾಗಿಯೇ ಅಮೆರಿಕದ ಆಹಾರ ಇಲಾಖೆಯು ಹಸಿಯಾಗಿ ಬಡಿಸುವ ಮೀನನ್ನು ಸೊನ್ನೆಗಿಂತ 20 ಡಿಗ್ರಿ ಸೆಲ್ಸಿಯಸ್ ಕೆಳಗೆ 7 ದಿನ, ಇಲ್ಲವೇ 35 ಡಿಗ್ರಿ ಕೆಳಗೆ ಗಟ್ಟಿಗಟ್ಟಿಸಿ 15 ಗಂಟೆ ಇಡಬೇಕೆಂದು ಹೇಳುತ್ತದೆ. ಮನೆಯ ಫ್ರಿಜ್ಜಿನ ಐಸು ಖಾನೆಯಿಂದ ಈ ಕೆಲಸ ಆಗುವುದಿಲ್ಲ, ಅದರಲ್ಲೂ ಕರೆಂಟು ಹೋಗಿ ಬರುವ ಊರಿನಲ್ಲಿ. ಜಪಾನಿನವರೇ ತಮ್ಮ ಕಡಲಿನ ಸಾಲ್ಮನ್ನನ್ನು ಹುಳುವಿನ ಭಯದಿಂದ ಹಸಿಯಾಗಿ ತಿನ್ನುತ್ತಿರಲಿಲ್ಲ. 1980ರ ದಶಕದಲ್ಲಿ ನಾರ್ವೆಯಿಂದ ಸಾಕಿದ ಸಾಲ್ಮನ್ ಬರತೊಡಗಿದ ಮೇಲೆಯೇ ಅಲ್ಲಿ ಅದು ಸುಶಿಯ ಮೀನಾಯಿತು.

ಸಿಹಿನೀರಿನ ಮೀನಿನ ಅಪಾಯ ಇನ್ನೂ ಹೆಚ್ಚು. ಥಾಯ್ಲೆಂಡಿನ ಈಶಾನ್ಯ ಭಾಗದಲ್ಲಿ ಇಂಥ ಮೀನನ್ನು ಹಸಿಯಾಗಿ ತಿನ್ನುವ ರೂಢಿಯಿಂದ ಯಕೃತ್ತಿನ ಹುಳುಗಳು ದೇಹದಲ್ಲಿ ವರ್ಷಗಟ್ಟಲೆ ನೆಲೆಸಿ, ಪಿತ್ತನಾಳದ ಕ್ಯಾನ್ಸರಿಗೆ ಕಾರಣವಾಗಿರುವುದು ವೈದ್ಯರಿಗೆಲ್ಲ ತಿಳಿದ ಸಂಗತಿ. ತುಂಗಭದ್ರಾ ಡ್ಯಾಮಿನ ಮೀನನ್ನು ನಾನು ಹೀಗಳೆಯುತ್ತಿಲ್ಲ. ಹುಣಸೆಹುಳಿ ಹಾಕಿ ಕುದಿಸಿದ ಸಾರಿಗೆ, ಖಾರ ಹಚ್ಚಿ ಕಾವಲಿಯ ಮೇಲೆ ಹುರಿಯುವುದಕ್ಕೆ ಅದಕ್ಕಿಂತ ಒಳ್ಳೆಯ ಮೀನು ನಮಗೆ ಸಿಗುವುದಿಲ್ಲ. ಹಸಿಯಾಗಿ ತಿನ್ನಲು ಅದು ತಕ್ಕದ್ದಲ್ಲ, ಅಷ್ಟೇ.

ಅನ್ನದ ಕಥೆ ಬೇರೆಯೇ. ಸುಶಿಗೆ ಗಿಡ್ಡ ಕಾಳಿನ, ತನ್ನಷ್ಟಕ್ಕೆ ಅಂಟುವ ಅಕ್ಕಿ ಬೇಕು. ಗಂಗಾವತಿ, ಸಿಂಧನೂರಿನಿಂದ ಬರುವ ನಮ್ಮ ಸೋನಾ ಮಸೂರಿಯ ಗುಣವೇ ಉದುರುದುರಾಗಿ ನಿಲ್ಲುವುದು. ಅದನ್ನು ಅಂಟಿಸುವ ಹಟದಲ್ಲಿ ಮುದ್ದೆಯಾಗುವಷ್ಟು ಬೇಯಿಸಿ ಫ್ರಿಜ್ಜಿನಲ್ಲಿಟ್ಟಿದ್ದರಿಂದ ಉಂಡೆ ಹೊರಗೆ ಜಿಗುಟಾಗಿಯೂ ಒಳಗೆ ಬಿರುಸಾಗಿಯೂ ಇತ್ತು. ಹುಳಿಯಂತೂ ಲವಲೇಶವೂ ಇರಲಿಲ್ಲ. ಸುಶಿಯ ಅನ್ನಕ್ಕೆ ವಿನೆಗರ್ ಬೆರೆಸುವುದು ರುಚಿಗಾಗಿ ಮಾತ್ರವಲ್ಲ. ಬೇಯಿಸಿದರೂ ಸಾಯದ ಕೆಲವು ಬ್ಯಾಕ್ಟೀರಿಯಾ ಬೀಜಾಣುಗಳು ಬೆಚ್ಚಗಿನ ಅನ್ನದಲ್ಲಿ ಬೆಳೆದು ವಿಷ ಉಗುಳುವುದನ್ನು ಆ ಹುಳಿ ತಡೆಯುತ್ತದೆ. ಒಮ್ಮೆ ಉಂಟಾದ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ, ತಿಂದ 1ರಿಂದ 6 ಗಂಟೆಯೊಳಗೆ ವಾಂತಿ ಬರಿಸುತ್ತದೆ. ಮೀನನ್ನು ಮುಟ್ಟದೆ ಸೌತೆಕಾಯಿ ಸುತ್ತಿದ ಸುಶಿಯನ್ನಷ್ಟೇ ತಿಂದಿದ್ದ ಅಕ್ಕನ ಮಗ ಅದೇ ರಾತ್ರಿ ಮನೆ ಸೇರಿದ ಸ್ವಲ್ಪ ಹೊತ್ತಿಗೆ ವಾಂತಿ ಮಾಡಿಕೊಳ್ಳತೊಡಗಿದ. ಅನ್ನದಿಂದಲೇ ಹಾಗಾಯಿತೆಂದು ಸಾಧಿಸುವ ಪುರಾವೆ ನನ್ನಲ್ಲಿಲ್ಲ; ಲಕ್ಷಣ ಮತ್ತು ಸಮಯ ಮಾತ್ರ ಹೊಂದುತ್ತವೆ.

ಶಾಕಾಹಾರಿಗಳು ಇನ್ನೊಂದು ವಿಷಯವನ್ನು ಗಮನಿಸಬೇಕು. ನಮ್ಮ ತಾಯಿ ಜೀವನದಲ್ಲಿ ಮೀನು ಮುಟ್ಟಿದವರಲ್ಲ. ಮೆನುವಿನಲ್ಲಿ ಹಸಿರು ಗುರುತು ಹಾಕಿದ್ದ ಮಿಸೊ (ಹುದುಗಿಸಿದ ಸೋಯಾ ಕಾಳಿನ ಹಿಟ್ಟು) ಸೂಪನ್ನು ಅವರಿಗೆ ತರಿಸಿದೆವು. ಅದು ಬಟ್ಟಲಿನಿಂದ ತುಟಿಗೆ ಹೋಗುವ ಮುನ್ನ ಭಾವ ತಡೆದು, ಯಾವುದರಿಂದ ಮಾಡಿದ್ದೀರಿ ಎಂದು ಕೇಳಿದರು. ಒಳಗಿನಿಂದ ತಂದು ತೋರಿಸಿದ ಪುಡಿಯ ಪೊಟ್ಟಣದ ಮೇಲೆ ಮಾಂಸಾಹಾರದ ಕಂದು ಗುರುತು ಇತ್ತು, ಪದಾರ್ಥಗಳ ಸಾಲಿನಲ್ಲಿ ಬೊನಿಟೊ ಎಂದಿತ್ತು. ಹೊಗೆಯಲ್ಲಿ ಒಣಗಿಸಿದ ಬೊನಿಟೊ ಮೀನಿನ ರಸವೇ ಜಪಾನಿನ ಬಹುಪಾಲು ಸೂಪು, ನೂಡಲ್ಸುಗಳಿಗೆ ಮೂಲ. ಕಡಲಪಾಚಿ ಮತ್ತು ಅಣಬೆಯಿಂದಲೂ ಅದನ್ನು ಮಾಡಬಹುದು, ಆದರೆ ಇಲ್ಲಿ ಮಾಡಿಲ್ಲ. ತರಕಾರಿ ನೂಡಲ್ಸಿಗೂ ಅದೇ ಪುಡಿ ಎಂದು ಅಡುಗೆಯವರೇ ಒಪ್ಪಿಕೊಂಡರು. ಅಡುಗೆ ಗೊತ್ತಿಲ್ಲದಿರುವುದನ್ನು ಕ್ಷಮಿಸಬಹುದು. ಕಂದು ಗುರುತಿನ ಪೊಟ್ಟಣವನ್ನು ಒಡೆದು ಹಾಕಿ, ಹಸಿರು ಗುರುತಿನಡಿ ಮಾರುವುದನ್ನು ನಾನಂತೂ ಕ್ಷಮಿಸಲಾರೆ.

ನ್ಯಾಯವಾಗಿ ಹೇಳುವುದಾದರೆ, ಕೊನೆಗೆ ತರಿಸಿದ ಬದನೆ ಮತ್ತು ಗೆಣಸಿನ ತೆಂಪುರಾ (ಹಿಟ್ಟಿನಲ್ಲಿ ಅದ್ದಿ ಕರಿದ ಬಜ್ಜಿಯಂಥದ್ದು) ಗರಿಗರಿಯಾಗಿ, ಬಿಸಿಯಾಗಿ ಬಂತು. ಬಿಲ್ಲಿನಲ್ಲಿ ಕೇಳದೆಯೇ ಸೇರಿಸಿದ್ದ ಸೇವಾ ಶುಲ್ಕವನ್ನು, 2022ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ ಮಾರ್ಗಸೂಚಿಯನ್ನು ನೆನಪಿಸಿದ ಮೇಲೆ ತೆಗೆದರು. ಇಂಥ ಶುಲ್ಕದ ಬಗ್ಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಮೀನು ಮತ್ತು ಗುರುತಿನ ವಿಷಯವನ್ನು ಗೋಡೆಯ ಮೇಲಿದ್ದ 14 ಅಂಕಿಯ ಪರವಾನಗಿ ಸಂಖ್ಯೆಯ ಸಮೇತ ಆಹಾರ ಸುರಕ್ಷತಾ ಅಧಿಕಾರಿಗಳಿಗೆ ಬರೆದು ಕೊಟ್ಟಿದ್ದೇವೆ.

ಈಗಾಗಲೇ ಅಲ್ಲಿ ಹಸಿ ಮೀನು ತಿಂದಿರುವವರು ಗಾಬರಿಯಾಗಬೇಕಿಲ್ಲ, ಆದರೆ ಮುಂದಿನ ವಾರಗಳಲ್ಲಿ ಹೊಟ್ಟೆನೋವು, ಜ್ವರ, ಬಲಪಕ್ಕೆಯ ಕೆಳಗೆ ನೋವು ಕಾಣಿಸಿಕೊಂಡರೆ ಸಂಕೋಚಪಡದೆ ವೈದ್ಯರಿಗೆ ಸಿಹಿನೀರಿನ ಹಸಿ ಮೀನು ತಿಂದಿದ್ದೇವೆ ಎಂದು ಹೇಳಿ. ಈ ಹುಳುಗಳಿಗೆ ಮಾತ್ರೆಯಿದೆ. ಮೀನನ್ನು ಬೇಯಿಸದೆ ತಿನ್ನುವ ರೂಢಿಯೇ ಇಲ್ಲದ ನಮ್ಮ ಊರಿನಲ್ಲಿ, ನೀವಾಗಿ ಹೇಳದ ಹೊರತು ಯಾವ ವೈದ್ಯರಿಗೂ ಆ ಪರೀಕ್ಷೆ ಮಾಡಿಸುವ ಯೋಚನೆ ಬರುವುದು ಕಷ್ಟ.