ಗೋದಾಮಿಗೆ ಸ್ಟ್ಯಾಕರ್ ಸಾಕೇ, ಫೋರ್ಕ್‌ಲಿಫ್ಟ್ ಬೇಕೇ?

ಮೊದಲು ರ‍್ಯಾಕ್‌ಗಳ ನಡುವಿನ ಓಣಿಯನ್ನು ಅಳೆಯಿರಿ. ಅರ್ಧ ತೀರ್ಮಾನ ಅಲ್ಲೇ ಆಗುತ್ತದೆ. ಸರಕನ್ನು ಮೇಲೆತ್ತಿ ಜೋಡಿಸುವ, ಯಂತ್ರದ ಜೊತೆ ನಡೆದುಕೊಂಡೇ ಓಡಿಸುವ ಬ್ಯಾಟರಿ ಸ್ಟ್ಯಾಕರ್‌ಗೆ ಸುಮಾರು ಎರಡೂವರೆ ಮೀಟರ್ ಸಾಕು. ಕುಳಿತು ಓಡಿಸುವ ಫೋರ್ಕ್‌ಲಿಫ್ಟ್ ತಿರುಗಲು ಮೂರೂವರೆ, ನಾಲ್ಕು ಮೀಟರ್ ಬೇಕು. ಸರಕನ್ನು ಮೇಲೆತ್ತುವ ಕೆಲಸವೇ ಇಲ್ಲವೆಂದರೆ ಎರಡೂ ಬೇಡ, ಕೈಯಿಂದ ಎಳೆಯುವ ಪ್ಯಾಲೆಟ್ ಟ್ರಕ್ ಸಾಕು.

ಸ್ಟ್ಯಾಕರ್‌ನ ಚಕ್ರಗಳು ಚಿಕ್ಕವು. ನುಣುಪಾದ ಕಾಂಕ್ರೀಟ್ ಮೇಲೆ ಸಲೀಸು, ಗುಂಡಿ ಬಿದ್ದ ಅಂಗಳದಲ್ಲಿ ಫಜೀತಿ. ಹೆಚ್ಚಿನ ಅಪಾಯ ಓಡಿಸುವವನ ಪಾದಕ್ಕೆ. ಉಕ್ಕಿನ ಮೂತಿಯ ಶೂ ಇಲ್ಲದೆ ಯಾರೂ ಮುಟ್ಟಬಾರದು. ಹಿಡಿಕೆಯ ತುದಿಯಲ್ಲಿ ಒಂದು ದಪ್ಪ ಗುಂಡಿ ಇರುತ್ತದೆ. ಹಿಂದೆ ಬರುವಾಗ ಓಡಿಸುವವನು ಗೋಡೆಗೂ ಯಂತ್ರಕ್ಕೂ ನಡುವೆ ಸಿಲುಕಿದರೆ ಅದು ಹೊಟ್ಟೆಗೆ ಒತ್ತಿ, ಯಂತ್ರ ತಾನಾಗಿ ಆಚೆ ಸರಿಯುತ್ತದೆ. ಕೊಳ್ಳುವ ಮುನ್ನ ಇದನ್ನು ಅಂಗೈಯಿಂದ ಒತ್ತಿ ನೋಡಿ.

ಫೋರ್ಕ್‌ಲಿಫ್ಟ್ ಅಂಗಳಕ್ಕೂ ಲಾರಿಗೂ ಸೈ, ಆದರೆ ಮಗುಚಬಲ್ಲದು. ಫಲಕದಲ್ಲಿ 2 ಟನ್ ಎಂದಿದ್ದರೆ ಸಾಮಾನ್ಯವಾಗಿ ಅದು ಭಾರದ ಕೇಂದ್ರ ಫೋರ್ಕ್‌ನ (ಸರಕು ಹೊರುವ ಮುಂಚಾಚಿದ ಕೈಗಳ) ಬುಡದಿಂದ 500 ಮಿಲಿಮೀಟರ್ ದೂರದಲ್ಲಿದ್ದಾಗಿನ ಮಾತು. ಉದ್ದನೆಯ ಪೆಟ್ಟಿಗೆಗೆ ಅಷ್ಟು ತಾಕತ್ತು ಉಳಿಯುವುದಿಲ್ಲ. ಇಳಿಜಾರಿನಲ್ಲಿ ಭಾರ ಸದಾ ಏರಿನ ಕಡೆಗಿರಬೇಕು, ಅಂದರೆ ಇಳಿಯುವಾಗ ಹಿಮ್ಮುಖ ಚಾಲನೆ. ಮಗುಚುವಾಗ ಜಿಗಿದವರೇ ಅದರಡಿ ಸಿಲುಕುವುದು. ಸೀಟ್ ಬೆಲ್ಟ್ ಇರುವುದು ಅದಕ್ಕೇ.

ಮುಚ್ಚಿದ ಗೋದಾಮಿನಲ್ಲಿ ಡೀಸೆಲ್ ಹೊಗೆ ಬೇಡ. ಲಾರಿ ನೇರವಾಗಿ ಡಾಕ್‌ಗೆ (ಸರಕು ಏರಿಳಿಸುವ ಕಟ್ಟೆಗೆ) ತಾಗುತ್ತದೆ, ರ‍್ಯಾಕ್ ಮೂರು ಮೀಟರ್ ದಾಟುವುದಿಲ್ಲ ಎಂದರೆ ನನ್ನ ಮತ ಸ್ಟ್ಯಾಕರ್‌ಗೆ.