ಗ್ರೀನ್ ಕಾರ್ಡ್ ಮೇಲೆ ಹೋದ ಅಪ್ಪ ಅಮ್ಮನಿಗೆ ಸಿಲ್ವರ್ ಪ್ಲಾನ್: 32 ತಿಂಗಳು ಬಳಸಿದ ಮೇಲೆ

ಎಳ್ಳಮಾವಾಸ್ಯೆ ಜಾತ್ರೆಗೆ ಸರಿಯಾಗಿ ತೀರ್ಥಹಳ್ಳಿಗೆ ಬಂದು ಮುಟ್ಟಿದೆವು. ತೆಪ್ಪೋತ್ಸವ ನೋಡೋಕೆ ತುಂಗೆಯ ದಡಕ್ಕೆ ಹೋದರೆ ಸಿಕ್ಕಿದ ನಾಲ್ಕು ಜನ ಕೇಳಿದ್ದು ಒಂದೇ ಪ್ರಶ್ನೆ. "ಮೇಷ್ಟ್ರೇ, ಅಲ್ಲಿ ಇನ್ಶೂರೆನ್ಸಿಗೆ ಎಂತ ಮಾಡಿದ್ರಿ?" ಕೇಳೋದು ಸಹಜ. ನಮ್ಮ ಕಡೆ ಅರ್ಧಕ್ಕರ್ಧ ಮನೆಗಳಲ್ಲಿ ಒಬ್ಬರಾದರೂ ಹೊರದೇಶದಲ್ಲಿದ್ದಾರೆ. ಅಮೆರಿಕದಲ್ಲಿರೋ ಮಕ್ಕಳಿಗೆ ಅಲ್ಲಿನ ಪೌರತ್ವ ಸಿಕ್ಕಿದ್ದೇ ತಡ, ಅಪ್ಪ ಅಮ್ಮನಿಗೆ ಗ್ರೀನ್ ಕಾರ್ಡ್, ಅಂದರೆ ಅಲ್ಲೇ ಕಾಯಂ ಇರೋ ಪರವಾನಗಿ, ಮಾಡಿಸ್ತಾರೆ. ಟಿಕೆಟ್, ಉಪ್ಪಿನಕಾಯಿ, ಸ್ವೆಟರ್ ಎಲ್ಲದಕ್ಕೂ ತಿಂಗಳುಗಟ್ಟಲೆ ತಯಾರಿ ನಡೆಯುತ್ತೆ. ಇನ್ಶೂರೆನ್ಸ್ ವಿಷಯ ಮಾತ್ರ "ಹೋದ ಮೇಲೆ ನೋಡಿದರಾಯ್ತು." ನಾವೂ ಹಾಗೇ ಹೋದವರು.

ನಾನು ನಿವೃತ್ತ ಹೈಸ್ಕೂಲ್ ಮೇಷ್ಟ್ರು, ಗಣಿತ. ಎರಡೆಕರೆ ಅಡಿಕೆ ತೋಟ ಇದೆ. 2023ರ ಮಾರ್ಚಲ್ಲಿ ಹೆಂಡತಿ ಜೊತೆ ಟೆಕ್ಸಾಸಿನ ಡಲ್ಲಾಸ್ ಹತ್ತಿರ ಇರುವ ಮಗನ ಮನೆಗೆ ಹೋದೆ. ಆಗ ನನಗೆ 63, ಅವಳಿಗೆ 60. ಇಬ್ಬರಿಗೂ ಬಿಪಿ, ಅವಳಿಗೆ ಜೊತೆಗೆ ಸಕ್ಕರೆ ಕಾಯಿಲೆ.

ಮೊದಲು ಒಂದು ತಪ್ಪು ತಿಳುವಳಿಕೆ ಬಿಡಿಸಬೇಕು. ಅಮೆರಿಕದಲ್ಲಿ 65 ದಾಟಿದವರಿಗೆ ಮೆಡಿಕೇರ್ ಅನ್ನೋ ಸರ್ಕಾರಿ ವಿಮೆ ಇದೆ. ಆದರೆ ಅಲ್ಲಿ ದುಡಿದು ತೆರಿಗೆ ಕಟ್ಟದ ನಮ್ಮಂಥ ಗ್ರೀನ್ ಕಾರ್ಡಿನವರಿಗೆ ವಯಸ್ಸಾದರೆ ಸಾಲದು. ಅಲ್ಲಿ ಸತತವಾಗಿ 5 ವರ್ಷ ವಾಸ ಮಾಡಿರಬೇಕು. ಆಮೇಲೂ ದುಡ್ಡು ಕೊಟ್ಟೇ ಸೇರಬೇಕು. ಬಡವರಿಗೆ ಅಂತ ಇರೋ ಮೆಡಿಕೇಡ್ ಕೂಡ ಹೊಸದಾಗಿ ಬಂದವರಿಗೆ 5 ವರ್ಷ ಸಿಗಲ್ಲ. ಉಳಿದಿದ್ದು ಒಂದೇ ದಾರಿ, ಮಾರ್ಕೆಟ್‌ಪ್ಲೇಸ್. ಸರ್ಕಾರದ ವೆಬ್‌ಸೈಟಲ್ಲಿ ಖಾಸಗಿ ಕಂಪನಿಗಳ ಪ್ಲಾನ್‌ಗಳನ್ನು ಸಾಲಾಗಿ ಇಟ್ಟಿರ್ತಾರೆ. ಬ್ರಾಂಜ್, ಸಿಲ್ವರ್, ಗೋಲ್ಡ್, ಪ್ಲಾಟಿನಂ ಅಂತ ಹೆಸರು, ಮೇಲೆ ಹೋದಷ್ಟೂ ಖರ್ಚಿನಲ್ಲಿ ಕಂಪನಿ ಹೊರುವ ಪಾಲು ಹೆಚ್ಚು. ಇದ್ದ ಕಾಯಿಲೆಯ ನೆಪ ಹೇಳಿ ಯಾರೂ ಬೇಡ ಅನ್ನೋ ಹಾಗಿಲ್ಲ, 2014ರಿಂದ ಅದು ಕಾನೂನು. ಸಕ್ಕರೆ ಕಾಯಿಲೆ ಇದೆ ಅಂದ ಕೂಡಲೇ ನಮ್ಮೂರ ಏಜೆಂಟರ ಮುಖ ಹುಳ್ಳಗಾಗುವುದನ್ನು ನೋಡಿದ ನನಗೆ ಇದೇ ಮೊದಲ ಆಶ್ಚರ್ಯ.

ಎರಡನೇದು ತಾರೀಖು. ಗ್ರೀನ್ ಕಾರ್ಡ್ ಮೇಲೆ ಬಂದಿಳಿದವರಿಗೆ ಸೇರೋಕೆ 60 ದಿನ. ಅದು ತಪ್ಪಿದರೆ ನವೆಂಬರ್ 1ಕ್ಕೆ ಬಾಗಿಲು ತೆರೆಯೋ ತನಕ ಕಾಯಬೇಕು, ವಿಮೆ ಶುರುವಾಗೋದು ಜನವರಿಗೆ. ನಾವು ಸೋಶಿಯಲ್ ಸೆಕ್ಯುರಿಟಿ ಕಾರ್ಡ್ (ನಮ್ಮ ಆಧಾರ್ ಹಾಗೆ ನಂಬರ್ ಇರೋದು) ಅಂಚೆಯಲ್ಲಿ ಬರಲಿ ಅಂತ ಸುಮ್ನೆ ಕೂತೆವು. ಮಗನಿಗೂ ಆಫೀಸ್ ಕೆಲಸ, ನಾಳೆ ನಾಡಿದ್ದು ಅಂತ ತಳ್ಳಿದ. ಕೊನೆಗೆ ಏಪ್ರಿಲ್ ಕೊನೇ ವಾರ, ಇನ್ನು ಹತ್ತು ದಿನ ಇದೆ ಅನ್ನುವಾಗ ಅರ್ಜಿ ತುಂಬಿದೆವು. ಪ್ಲಾನ್ ಆರಿಸಿದ ಮುಂದಿನ ತಿಂಗಳ ಒಂದನೇ ತಾರೀಖಿಂದ ವಿಮೆ ಶುರು. ಹಾಗಾಗಿ ನಮಗೆ ಮೇ 1. ನಡುವಿನ ದಿನಗಳಿಗೆ ಪ್ರವಾಸಿಗರ ವಿಮೆ ತಗೊಂಡಿದ್ದೆವು. ಅದರ ಕರಾರು ಓದಿದರೆ ಹಳೇ ಕಾಯಿಲೆಗಳಿಗೆ ಹೆಚ್ಚುಕಮ್ಮಿ ಏನೂ ಇಲ್ಲ. ಆ ಎರಡು ತಿಂಗಳು ಇವಳು ಒಂದು ಹೋಳಿಗೆ ಮುಟ್ಟಲಿಲ್ಲ.

ಅರ್ಜಿಯಲ್ಲಿ ತಲೆ ಕೆಡಿಸಿದ್ದು ಆದಾಯದ ಕಾಲಂ. ನನ್ನ ಪೆನ್ಶನ್ ಸೇರಿಸಬೇಕು. ಅಡಿಕೆ ಆದಾಯವನ್ನೂ ಸೇರಿಸಬೇಕು. ಇಲ್ಲಿ ಕೃಷಿ ಆದಾಯಕ್ಕೆ ತೆರಿಗೆ ಇಲ್ಲ ನಿಜ, ಆದರೆ ಅಮೆರಿಕದವರು ಗ್ರೀನ್ ಕಾರ್ಡಿನವರ ಆದಾಯ ಪ್ರಪಂಚದಲ್ಲಿ ಎಲ್ಲಿ ಬಂದರೂ ಲೆಕ್ಕಕ್ಕೆ ತಗೊಳ್ತಾರೆ. ಎರಡೂ ಸೇರಿ ವರ್ಷಕ್ಕೆ ಸುಮಾರು 13,000 ಡಾಲರ್ ಆಯ್ತು. ಅಲ್ಲಿನ ಬಡತನದ ಗೆರೆಗಿಂತ ಕೆಳಗೆ! ಊರಲ್ಲಿ ಒಳ್ಳೇ ಕುಳ, ಅಲ್ಲಿ ಬಡವ. ಮಾಮೂಲಿಯಾಗಿ ಆ ಗೆರೆಗಿಂತ ಕೆಳಗಿದ್ದವರಿಗೆ ಮಾರ್ಕೆಟ್‌ಪ್ಲೇಸಲ್ಲಿ ಸರ್ಕಾರ ಕೊಡೋ ಪ್ರೀಮಿಯಂ ಸಹಾಯ ಇಲ್ಲ. ಆದರೆ ಹೊಸಬರು ಅನ್ನೋ ಕಾರಣಕ್ಕೆ ಮೆಡಿಕೇಡ್ ಸಿಗದವರಿಗೆ ಕಾನೂನಿನಲ್ಲಿ ಒಂದು ಕಿಂಡಿ ಬಿಟ್ಟಿದ್ದರು, ಅವರಿಗೆ ಸಹಾಯ ಸಿಗುತ್ತಿತ್ತು. ನಾವು ಆ ಕಿಂಡಿಯಲ್ಲೇ ನುಸುಳಿದ್ದು. ಸಿಲ್ವರ್ ಪ್ಲಾನಿಗೆ ಇಬ್ಬರದ್ದೂ ಸೇರಿ ತಿಂಗಳ ಪ್ರೀಮಿಯಂ ಸೊನ್ನೆ. ಮೂರನೇ ವರ್ಷ 11 ಡಾಲರ್ ಆಯ್ತು. ಕಡಿಮೆ ಆದಾಯದವರು ಸಿಲ್ವರನ್ನೇ ತಗೊಂಡರೆ ಆಸ್ಪತ್ರೆಯಲ್ಲಿ ಕೈಯಿಂದ ಕೊಡೋದೂ ಕಡಿಮೆಯಾಗುತ್ತೆ, ಬ್ರಾಂಜಲ್ಲಾಗಲಿ ಗೋಲ್ಡಲ್ಲಾಗಲಿ ಆ ಅನುಕೂಲ ಇಲ್ಲ. ಹೆಸರು ನೋಡಿ ಗೋಲ್ಡ್ ತಗೊಳ್ಳೋಣ ಅಂತಿದ್ದಳು ಇವಳು. ಬೇಡ ಅಂದೆ.

ಇನ್ನೊಂದು ಸೂಕ್ಷ್ಮ. ಮಗ ತನ್ನ ತೆರಿಗೆ ಲೆಕ್ಕದಲ್ಲಿ ನಮ್ಮನ್ನು ಅವಲಂಬಿತರು ಅಂತ ತೋರಿಸಿದರೆ ಅವನ ಸಂಬಳವೂ ನಮ್ಮ ಮನೆಯ ಆದಾಯಕ್ಕೆ ಸೇರುತ್ತೆ, ಸಹಾಯ ಹೋಗುತ್ತೆ. ಆದ್ದರಿಂದ ನಾವಿಬ್ಬರೂ ಬೇರೆಯಾಗಿ, ಜಂಟಿಯಾಗಿ ಪ್ರತಿ ವರ್ಷ ರಿಟರ್ನ್ ಹಾಕಿದೆವು. ಕಟ್ಟೋದು ಏನೂ ಇರಲಿಲ್ಲ. ಆದರೂ ಹಾಕಲೇಬೇಕು, ಇಲ್ಲದಿದ್ದರೆ ಮುಂದೆ ಸಹಾಯ ನಿಲ್ಲಿಸ್ತಾರೆ.

ಈಗ ಬಳಕೆಯ ಮಾತು.

2024ರ ಫೆಬ್ರವರಿ, ರಾತ್ರಿ ಒಂದು ಗಂಟೆ. ಇವಳಿಗೆ ಬಲಪಕ್ಕೆಯ ಕೆಳಗೆ ಹಿಂಡಿದ ಹಾಗೆ ನೋವು, ವಾಂತಿ. ಊರಲ್ಲಾಗಿದ್ದರೆ ಜೀರಿಗೆ ಕಷಾಯ, ಅದಕ್ಕೂ ಬಗ್ಗದಿದ್ದರೆ ಬೆಳಗಾಗೋದನ್ನೇ ಕಾದು ಆಗುಂಬೆ ಘಾಟಿ ಇಳಿದು ಮಣಿಪಾಲ. ಮಗ ಸೀದಾ ಎಮರ್ಜೆನ್ಸಿಗೆ ಕರೆದುಕೊಂಡು ಹೋದ. ನರ್ಸ್ ಒಂದು ಫೋನ್ ತಂದಿಟ್ಟು ಯಾವ ಭಾಷೆ ಅಂತ ಕೇಳಿದರು. ಕನ್ನಡ ಅಂದೆ. ಐದು ನಿಮಿಷದಲ್ಲಿ ಆ ಕಡೆಯಿಂದ ಹೆಣ್ಣುಮಗಳೊಬ್ಬಳ ದನಿ, "ನಮಸ್ಕಾರ ಅಮ್ಮ, ಎಲ್ಲಿ ನೋವು ಹೇಳಿ." ದುಭಾಷಿ ಸೇವೆಗೆ ಕಾಸಿಲ್ಲ. ನೋವು ಒಂದರಿಂದ ಹತ್ತರೊಳಗೆ ಎಷ್ಟು ಅಂತ ಡಾಕ್ಟರ್ ಕೇಳಿದ್ದನ್ನು ಆ ಹುಡುಗಿ ಕನ್ನಡಕ್ಕೆ ತಂದಳು. ಇವಳು ಹೊಟ್ಟೆ ಹಿಡಿದುಕೊಂಡೇ ನನ್ನ ಕಡೆ ತಿರುಗಿ, "ಅಂಕ ಕೊಟ್ಟು ಅಭ್ಯಾಸ ಇರೋದು ನಿಮಗೆ, ನೀವೇ ಕೊಡಿ" ಅಂದಳು. ಎಂಟು ಕೊಟ್ಟೆ. ಆಮೇಲೆ ಮನೆಯಲ್ಲಿ ಬೈಸಿಕೊಂಡೆ, ಒಂಬತ್ತೂವರೆ ಕೊಡಬೇಕಿತ್ತಂತೆ.

ಪಿತ್ತಕೋಶದಲ್ಲಿ ಕಲ್ಲು. ಮಾರನೇ ದಿನ ಆಪರೇಷನ್ ಆಯ್ತು, ಮೂರನೇ ದಿನ ಮನೆಗೆ ಬಂದೆವು. ಮೂರು ವಾರದ ಮೇಲೆ ಅಂಚೆ ಡಬ್ಬಿಯಲ್ಲಿ ಒಂದು ದಪ್ಪ ಲಕೋಟೆ. ಒಡೆದು ನೋಡಿದರೆ 48,000 ಡಾಲರ್ ಚಿಲ್ಲರೆ. ನಾನು ಅಂಚೆ ಡಬ್ಬಿ ಹತ್ತಿರವೇ ನಿಂತು 83ರಿಂದ ಗುಣಿಸಿದೆ. ಹತ್ತಿರ ಹತ್ತಿರ ನಲವತ್ತು ಲಕ್ಷ. ತೋಟ ಹೋಯ್ತು ಅಂದುಕೊಂಡೆ. ಸಂಜೆ ಮಗ ಬಂದು ಕಾಗದದ ಮೇಲ್ಭಾಗದ ಸಾಲು ತೋರಿಸಿದ: ಇದು ಬಿಲ್ ಅಲ್ಲ. ಆಸ್ಪತ್ರೆ ಕೇಳಿದ್ದು ಎಷ್ಟು, ಕಂಪನಿ ಒಪ್ಪಂದದ ಪ್ರಕಾರ ಒಪ್ಪಿದ್ದು ಎಷ್ಟು, ಕೊಟ್ಟಿದ್ದು ಎಷ್ಟು ಅನ್ನೋ ವಿವರಣೆ ಅಷ್ಟೇ. ನಾವು ನೋಡಬೇಕಾದ್ದು ಕೊನೇ ಕಾಲಂ. ಅಲ್ಲಿದ್ದದ್ದು 1,140 ಡಾಲರ್. ಅದನ್ನೂ ಆಸ್ಪತ್ರೆಯವರು ಹತ್ತು ಕಂತು ಮಾಡಿಕೊಟ್ಟರು, ಬಡ್ಡಿ ಇಲ್ಲದೆ.

ಅಲ್ಲಿಗೆ ಮುಗಿಯಲಿಲ್ಲ. ಅರಿವಳಿಕೆ ಕೊಟ್ಟ ಡಾಕ್ಟರ ಕಡೆಯಿಂದ ಬೇರೆಯೇ ಒಂದು ಬಿಲ್ ಬಂತು, 1,900 ಡಾಲರ್. ಆಸ್ಪತ್ರೆ ನೆಟ್‌ವರ್ಕಿನೊಳಗೆ, ಅಂದರೆ ವಿಮಾ ಕಂಪನಿ ಜೊತೆ ಒಪ್ಪಂದ ಇರೋರ ಪಟ್ಟಿಯಲ್ಲಿ, ಇತ್ತು, ಆ ಡಾಕ್ಟರ್ ಹೊರಗಿದ್ದರಂತೆ. ಪ್ರಜ್ಞೆ ತಪ್ಪಿಸುವ ಮೊದಲು "ನೀವು ನೆಟ್‌ವರ್ಕಲ್ಲಿ ಇದ್ದೀರಾ" ಅಂತ ಯಾರಾದರೂ ಕೇಳೋಕಾಗುತ್ತಾ ಮಾರಾಯ್ರೆ? ಇಂಥ ಬಿಲ್‌ಗಳನ್ನು ತಡೆಯೋಕೆ ಅಂತಲೇ 2022ರ ಜನವರಿ 1ರಿಂದ ಅಲ್ಲೊಂದು ಕಾನೂನು ಇದೆ, ನೋ ಸರ್ಪ್ರೈಸಸ್ ಆಕ್ಟ್ ಅಂತ. ಮಗ ಅದರ ಹೆಸರು ಹೇಳಿ ಮೂರು ಸಲ ಫೋನ್ ಮಾಡಿದ, ಒಂದು ಪತ್ರ ಬರೆದ. ಎರಡು ತಿಂಗಳ ಮೇಲೆ ಬಿಲ್ ರದ್ದಾಯ್ತು. ಪ್ರತಿ ಸಲ ಫೋನ್ ಮಾಡಿದಾಗಲೂ ತಾರೀಖು, ಮಾತಾಡಿದವರ ಹೆಸರು, ಅವರು ಕೊಟ್ಟ ನಂಬರ್ ಬರೆದಿಡಿ. ನಾನು ಹಾಜರಿ ಪುಸ್ತಕದ ಹಾಗೆ ಒಂದು ನೋಟ್‌ಬುಕ್ಕೇ ಇಟ್ಟಿದ್ದೆ.

ಆದರೆ ಆ ಕಾನೂನು ಎಲ್ಲದಕ್ಕೂ ಬರಲ್ಲ. ನನ್ನ ಮಾಮೂಲಿ ರಕ್ತಪರೀಕ್ಷೆಯ ಸ್ಯಾಂಪಲ್ಲನ್ನು ಕ್ಲಿನಿಕ್ಕಿನವರು ನೆಟ್‌ವರ್ಕ್ ಹೊರಗಿನ ಲ್ಯಾಬಿಗೆ ಕಳಿಸಿದರು. 340 ಡಾಲರ್ ತೆತ್ತೆ. ಯಾರನ್ನು ಕೇಳಿದರೂ ಇನ್ನೊಬ್ಬರ ಕಡೆ ಕೈ ತೋರಿಸಿದರು. ಮುಂದಿನ ಸಲದಿಂದ ಸೂಜಿ ಚುಚ್ಚೋ ಮುಂಚೆಯೇ "ಯಾವ ಲ್ಯಾಬ್?" ಅಂತ ಕೇಳೋಕೆ ಕಲಿತೆ.

ಇದಕ್ಕಿಂತ ಬೇಜಾರಾಗಿದ್ದು 2025ರ ಜನವರಿಯಲ್ಲಿ. ಪ್ಲಾನ್ ತಾನಾಗೇ ನವೀಕರಣ ಆಯ್ತು, ನಾವು ನೆಮ್ಮದಿಯಾಗಿದ್ದೆವು. ಎರಡು ವರ್ಷದಿಂದ ನೋಡ್ತಿದ್ದ ಫ್ಯಾಮಿಲಿ ಡಾಕ್ಟರ್ ಆ ವರ್ಷದ ಪಟ್ಟಿಯಲ್ಲಿಲ್ಲ! ಒಳ್ಳೇ ಮನುಷ್ಯ, ಇವಳ ಸಕ್ಕರೆಗೆ ಅನ್ನ ಬಿಡಿ ಅನ್ನದೆ ಎಷ್ಟು ತಿನ್ನಬಹುದು ಅಂತ ಹೇಳಿಕೊಟ್ಟಿದ್ದರು. ನಮ್ಮದು ಎಚ್‌ಎಂಒ ಮಾದರಿ, ಪಟ್ಟಿಯ ಹೊರಗೆ ಹೋದರೆ ಪೂರ್ತಿ ನಮ್ಮ ಕೈಯಿಂದಲೇ. ತುರ್ತು ಚಿಕಿತ್ಸೆಗೆ ಮಾತ್ರ ವಿನಾಯಿತಿ. ಹೊಸ ಡಾಕ್ಟರಿಗೆ ಮತ್ತೆ ಮೊದಲಿಂದ ಎಲ್ಲಾ ಹೇಳಬೇಕಾಯ್ತು. ಕಂಪನಿ ಪಟ್ಟಿಯಲ್ಲಿದ್ದ ಡಾಕ್ಟರುಗಳಲ್ಲಿ ಮೂವರಿಗೆ ಫೋನ್ ಮಾಡಿದರೆ ಇಬ್ಬರು ಹೊಸ ರೋಗಿಗಳನ್ನು ತಗೊಳ್ತಿಲ್ಲ ಅಂದರು. ಪ್ರತಿ ನವೆಂಬರಲ್ಲಿ ಪ್ರೀಮಿಯಂ ನೋಡೋ ಮೊದಲು ನಿಮ್ಮ ಡಾಕ್ಟರ ಹೆಸರು ಪಟ್ಟಿಯಲ್ಲಿದೆಯಾ ನೋಡಿ, ಅವರ ಕ್ಲಿನಿಕ್ಕಿಗೇ ಫೋನ್ ಮಾಡಿ ಕೇಳಿ.

ಚಿಲ್ಲರೆ ವಿಷಯಗಳು: ವರ್ಷದ ತಪಾಸಣೆ, ಫ್ಲೂ ಲಸಿಕೆ, ಇವಳ ಮ್ಯಾಮೊಗ್ರಾಂ ಇವಕ್ಕೆ ಒಂದು ಪೈಸೆ ಕೊಟ್ಟಿಲ್ಲ. ಬಿಪಿ ಮಾತ್ರೆ ಊರಿಗಿಂತ ಅಗ್ಗವಾಗಿ ಸಿಕ್ಕಿತು. ಹಲ್ಲು ಮಾತ್ರ ನಮ್ಮ ಪ್ಲಾನಲ್ಲಿ ಇಲ್ಲ. ನನ್ನ ದವಡೆ ಹಲ್ಲಿನ ರೂಟ್ ಕೆನಾಲಿಗೆ 1,400 ಡಾಲರ್ ಹೇಳಿದರು. ಲವಂಗದೆಣ್ಣೆ ಹಚ್ಚಿಕೊಂಡು ದಿನ ದೂಡಿ, ಊರಿಗೆ ಬಂದಾಗ ಶಿವಮೊಗ್ಗದ ದುರ್ಗಿಗುಡಿಯಲ್ಲಿ ಎಂಟು ಸಾವಿರ ರೂಪಾಯಿಗೆ ಮಾಡಿಸಿಕೊಂಡೆ. ಸರ್ಕಾರದ ಪ್ರೀಮಿಯಂ ಸಹಾಯ ತಗೊಂಡರೆ ಗ್ರೀನ್ ಕಾರ್ಡಿಗೆ ತೊಂದರೆ ಅಂತ ಕೆಲವರು ಹೆದರಿಸ್ತಾರೆ, ನಮಗೆ ಹಾಗೇನೂ ಆಗಲಿಲ್ಲ.

ಈ 32 ತಿಂಗಳಿಗೆ ಐದಕ್ಕೆ ನಾಲ್ಕು ಕೊಡ್ತೇನೆ. ಒಂದು ಕಳೆದಿದ್ದು ಫೋನಲ್ಲಿ ಕಾಯಿಸಿದ್ದಕ್ಕೆ ಮತ್ತು ಡಾಕ್ಟರನ್ನು ಕಳಕೊಂಡಿದ್ದಕ್ಕೆ.

ಆದರೆ ಈಗ ಹೋಗುವವರಿಗೆ ನನ್ನ ಲೆಕ್ಕ ಉಪಯೋಗಕ್ಕೆ ಬರಲ್ಲ. 2025ರ ಜುಲೈ 4ರಂದು ಸಹಿಯಾದ ಕಾನೂನಿನಲ್ಲಿ ನಾವು ನುಸುಳಿದ ಕಿಂಡಿ ಮುಚ್ಚಿಬಿಟ್ಟರು. 2026ರ ಜನವರಿ 1ರಿಂದ ಬಡತನದ ಗೆರೆಗಿಂತ ಕೆಳಗಿರುವ ಹೊಸ ವಲಸೆಗಾರರಿಗೆ ಪ್ರೀಮಿಯಂ ಸಹಾಯ ಇಲ್ಲ. ಇಬ್ಬರ ಮನೆಗೆ 2026ರ ಲೆಕ್ಕಕ್ಕೆ ಆ ಗೆರೆ 21,150 ಡಾಲರ್. ಅದರ ಮೇಲಿದ್ದರೆ ಗ್ರೀನ್ ಕಾರ್ಡಿನವರಿಗೆ ಸಹಾಯ ಇದೆ, ಆದರೆ ಕೋವಿಡ್ ಕಾಲದಲ್ಲಿ ಏರಿಸಿದ್ದ ಹೆಚ್ಚುವರಿ ಭಾಗ 2025ರ ಕೊನೆಗೆ ಮುಗಿದಿದ್ದರಿಂದ ಮೊದಲಿನಷ್ಟಿಲ್ಲ. ಅಡಿಕೆ ಧಾರಣೆ ಎಷ್ಟೇ ಏರಲಿ, ನಮ್ಮ ಎರಡೆಕರೆ ಆ ಗೆರೆ ಮುಟ್ಟಿಸಲ್ಲ, ಎಲೆಚುಕ್ಕಿ ರೋಗ ಬೇರೆ. 2025ರ ನವೆಂಬರಲ್ಲಿ ವೆಬ್‌ಸೈಟ್ ತೆರೆದರೆ ಇಬ್ಬರಿಗೂ ಸೇರಿ ತಿಂಗಳಿಗೆ 2,000 ಡಾಲರ್ ಮೇಲೆ ತೋರಿಸಿತು. "ನಾನು ಕೊಡ್ತೀನಿ ಅಪ್ಪ" ಅಂದ ಮಗ. ಅವನಿಗೆ ಮನೆ ಸಾಲ, ಇಬ್ಬರು ಮಕ್ಕಳು. ಬೇಡ ಅಂದೆವು. ಗ್ರೀನ್ ಕಾರ್ಡ್ ಕಳಕೊಳ್ಳದೆ ಮುಂದೆ ಮತ್ತೆ ಹೋಗೋಕೆ ಬೇಕಾಗೋ ಮರುಪ್ರವೇಶದ ಪರವಾನಗಿಗೆ ಅಲ್ಲಿದ್ದಾಗಲೇ ಅರ್ಜಿ ಹಾಕಿ, ಪ್ಲಾನನ್ನು ಡಿಸೆಂಬರ್ 31ಕ್ಕೆ ಮುಗಿಸೋಕೆ ಬರೆದುಕೊಟ್ಟು ಹೊರಟೆವು. ಮೆಡಿಕೇರಿನ 5 ವರ್ಷದ ಲೆಕ್ಕ ಇದರಿಂದ ಕೆಡುತ್ತೆ ಅಂತ ಗೊತ್ತಿದ್ದೇ ಬಂದಿದ್ದು.

ನಮ್ಮ ನಿಜವಾದ ದಡ್ಡತನ ಬೇರೆ ಇದೆ. 2023ರಲ್ಲಿ ಹೊರಡುವಾಗ ಇಲ್ಲಿನ ಹಳೇ ಆರೋಗ್ಯ ವಿಮೆಯನ್ನು ನವೀಕರಿಸಲಿಲ್ಲ. ಒಂಬತ್ತು ವರ್ಷ ತಪ್ಪದೆ ಕಟ್ಟಿದ್ದ ಪಾಲಿಸಿ. ಇನ್ನು ಯಾಕೆ ಬೇಕು ಅಂತ ಬಿಟ್ಟೆವು. ಮೊನ್ನೆ ಏಜೆಂಟ್ ಮನೆಗೆ ಬಂದಿದ್ದ, ನನ್ನ ಹಳೇ ವಿದ್ಯಾರ್ಥಿ. ಅಂಗಳದಲ್ಲಿ ಅಡಿಕೆ ಸುಲಿಯೋ ಸದ್ದು, ಜಗುಲಿಯಲ್ಲಿ ಅವನು ಫಾರಂ ಹರಡಿಕೊಂಡು ಕೂತ. 65 ದಾಟಿದವರಿಗೆ ಕೊಡಲ್ಲ ಅನ್ನೋ ಮಿತಿ 2024ರಲ್ಲಿ ಹೋಯ್ತು ಸರ್ ಅಂದ. 2025ರ ಸೆಪ್ಟೆಂಬರ್ 22ರಿಂದ ಪ್ರೀಮಿಯಂ ಮೇಲಿನ 18 ಪರ್ಸೆಂಟ್ ಜಿಎಸ್‌ಟಿಯೂ ಇಲ್ಲ ಅಂದ. ಖುಷಿ ಆಯ್ತು. ಆಮೇಲೆ ಮೆತ್ತಗೆ ಹೇಳಿದ, ಇದ್ದ ಕಾಯಿಲೆಗಳಿಗೆ ಕಾಯೋ ಅವಧಿ ಮತ್ತೆ ಮೊದಲಿಂದ, 3 ವರ್ಷದವರೆಗೆ. ಹಳೇ ಪಾಲಿಸಿ ಉಳಿಸಿಕೊಂಡಿದ್ದರೆ ಅದು ಯಾವತ್ತೋ ಮುಗಿದಿರುತ್ತಿತ್ತು.

"ಅಮ್ಮನ ಪಿತ್ತಕೋಶ ತೆಗೆದಿದ್ದನ್ನೂ ಬರೀಬೇಕಾ ಸರ್?" ಅಂತ ಕೇಳಿದ. ಬರಿ, ಎಲ್ಲಾ ಬರಿ, ಮುಚ್ಚಿಟ್ಟರೆ ನಾಳೆ ಕ್ಲೈಮ್ ತಳ್ಳಿಹಾಕ್ತಾರೆ ಅಂದೆ. ಒಳಗಿಂದ ಇವಳು ಅಲ್ಲಿನ ಡಿಸ್ಚಾರ್ಜ್ ಕಾಗದಗಳ ಕಟ್ಟು ತಂದು ಅವನ ಮುಂದಿಟ್ಟಳು. 42 ಪುಟ. ಅವನು ಕಾಫಿ ಲೋಟ ಪಕ್ಕಕ್ಕೆ ಸರಿಸಿ ಮೊದಲ ಪುಟ ತಿರುಗಿಸಿದ.