ಆಟಕ್ಕೆ ಮೊದಲು ಮೈ ಕಾಯಿಸೋದು: ಪಿ.ಟಿ. ಡ್ರಿಲ್ಲೋ, ತಾಲೀಮಿನ ಬೈಠಕೋ, ಫಿಫಾ 11+?

ನಮ್ಮ ಭಾನುವಾರದ ಫುಟ್‌ಬಾಲ್ ಗುಂಪಿನಲ್ಲಿ ಕಾಲೇಜು ಹುಡುಗರೂ ಇದ್ದಾರೆ, ನನ್ನಂಥ ನಲವತ್ತು ದಾಟಿದವರೂ ಇದ್ದಾರೆ. ಹುಡುಗರು ಬೈಕ್ ನಿಲ್ಲಿಸಿ ಸೀದಾ ಗೋಲಿನ ಮುಂದೆ ಹೋಗಿ ಶಾಟ್ ಹೊಡೆಯೋಕೆ ಶುರು ಮಾಡುತ್ತಾರೆ. ಅದೇ ಅವರ ವಾರ್ಮ್ ಅಪ್. ಬೆಳಗಾವಿಯ ಡಿಸೆಂಬರ್ ಚಳಿಯಲ್ಲಿ, ಸ್ವೆಟರ್ ಇನ್ನೂ ಮೈಮೇಲಿರುವಾಗಲೇ, ಇದ್ದ ಜೋರೆಲ್ಲ ಹಾಕಿ ಬಾಲ್ ಒದೆಯುವುದು! ತೊಡೆಸಂದು ಹಿಡಿದುಕೊಳ್ಳೋದು ಹೆಚ್ಚಾಗಿ ಇಲ್ಲೇ. ಈ ಪದ್ಧತಿಯನ್ನು ಲೆಕ್ಕಕ್ಕೇ ತಗೊಳ್ಳಲ್ಲ. ಉಳಿದ ನಾಲ್ಕನ್ನು ಚಳಿಗಾಲದಲ್ಲೂ ಮಳೆಗಾಲದಲ್ಲೂ ಬದಲಿಸಿ ಬದಲಿಸಿ ನೋಡಿದ್ದೇನೆ.

ಮೊದಲನೆಯದು ಶಾಲೆಯ ಪಿ.ಟಿ. ಡ್ರಿಲ್. ಸಾಲಾಗಿ ನಿಂತು, ಬಗ್ಗಿ ಕಾಲ್ಬೆರಳು ಹಿಡಿದು, ಇಪ್ಪತ್ತು ಎಣಿಸುವವರೆಗೆ ಅಲ್ಲಾಡದೆ ಇರುವುದು. ಆಮೇಲೆ ಒಂದು ಕಾಲು ಹಿಂದಕ್ಕೆ ಮಡಚಿ ಹಿಡಿಯುವುದು. ಮಾಡುವಾಗ ಹಾಯ್ ಅನ್ನಿಸುತ್ತದೆ, ನಿಜ. ಆದರೆ ಮೈ ಬಿಸಿಯಾಗುವುದಿಲ್ಲ. ಮೊದಲ ಸ್ಪ್ರಿಂಟ್‌ಗೆ ಕಾಲು ಇನ್ನೂ ಮರದ ಕೊರಡು. ಒಂದೇ ಸ್ನಾಯುವನ್ನು 60 ಸೆಕೆಂಡಿಗಿಂತ ಜಾಸ್ತಿ ಹೊತ್ತು ಎಳೆದು ಹಿಡಿದರೆ ಅದರ ಜೋರು ಸ್ವಲ್ಪ ಹೊತ್ತು ಇಳಿಯುತ್ತದೆ ಅಂತ ಸಂಶೋಧನೆಗಳು ಹೇಳುತ್ತವೆ. ಕಡಿಮೆ ಹೊತ್ತು ಹಿಡಿದರೆ ಅಂಥ ನಷ್ಟವಿಲ್ಲ. ಈ ಡ್ರಿಲ್ ನನಗೆ ಆಟ ಮುಗಿದ ಮೇಲೆ, ಚಹಾ ಬರುವವರೆಗೆ ಮಾಡೋಕೆ ಚೆನ್ನಾಗಿದೆ.

ಸೂರ್ಯ ನಮಸ್ಕಾರ ಇದಕ್ಕಿಂತ ವಾಸಿ. ಹನ್ನೆರಡು ಭಂಗಿ, ಎಲ್ಲೂ ನಿಲ್ಲದ ಚಲನೆ, ಹೆಗಲು ಬೆನ್ನು ಎರಡೂ ಬಿಡುತ್ತವೆ. ಮೊದಲ ಎರಡು ಸುತ್ತು ಮಂಡಿ ಸ್ವಲ್ಪ ಮಡಚಿಯೇ ಬಗ್ಗಿ. ಆದರೆ ಇದರಲ್ಲಿ ಅಡ್ಡಕ್ಕೆ ಹೋಗುವ ಚಲನೆ ಒಂದೂ ಇಲ್ಲ. ಬ್ಯಾಡ್ಮಿಂಟನ್, ಫುಟ್‌ಬಾಲ್‌ನಲ್ಲಿ ಅರ್ಧ ಆಟ ಅಡ್ಡಕ್ಕೇ ಅಲ್ವಾ? ಇಬ್ಬನಿ ಬಿದ್ದ ಮೈದಾನದಲ್ಲಿ ಅಂಗೈಯೆಲ್ಲ ಕೆಂಪು ಮಣ್ಣಾಗುವುದು ಬೇರೆ.

ನನಗೆ ನಿಜವಾಗಿ ಆಶ್ಚರ್ಯ ತಂದದ್ದು ತಾಲೀಮು, ಅಂದರೆ ಕುಸ್ತಿ ಪೈಲ್ವಾನರ ಕಸರತ್ತು. ಬೆಳಗಾವಿಗೆ ಕುಸ್ತಿ ಹೊಸದಲ್ಲ. ಆನಂದವಾಡಿ ಆಖಾಡದಲ್ಲಿ ಕುಸ್ತಿ ಇದೆ ಅಂದರೆ ಕೊಲ್ಲಾಪುರ ಕಡೆಯ ಪೈಲ್ವಾನರೂ ಬರುತ್ತಾರೆ. ಪರಿಚಯದ ವಸ್ತಾದರೊಬ್ಬರು (ಕುಸ್ತಿ ಕಲಿಸುವ ಗುರು) ಒಮ್ಮೆ ಬೆಳಗಿನ ಜಾವ ಬಾ ಅಂದರು. ಹೋದರೆ ಕೈಗೆ ಸಲಿಕೆ ಕೊಟ್ಟರು! ಪೈಲ್ವಾನರು ಮೊದಲು ಮಾಡೋದು ಅದನ್ನೇ. ಹಿಂದಿನ ದಿನ ತುಳಿದು ಗಟ್ಟಿಯಾದ ಕೆಂಪು ಮಣ್ಣನ್ನು ಅಗೆದು, ಮಗುಚಿ, ಮೆದು ಮಾಡುವುದು. ಆ ಕೆಲಸ ಮುಗಿಯುವಷ್ಟರಲ್ಲಿ ಬೆನ್ನು, ಹೆಗಲು, ತೊಡೆ ಎಲ್ಲ ಕಾದಿರುತ್ತವೆ. ಆಮೇಲೆ ಸಪಾಟಿ: ಕೈಯೂರಿ, ಸೊಂಟ ಮೇಲೆತ್ತಿ, ಎದೆಯನ್ನು ನೆಲ ಸವರಿದ ಹಾಗೆ ಮುಂದಕ್ಕೆ ತಂದು ತಲೆ ಎತ್ತುವುದು. ನಂತರ ಬೈಠಕ್. ಕೂರುವಾಗ ಹಿಮ್ಮಡಿ ಏಳುತ್ತದೆ, ಏಳುವಾಗ ಕೈ ಮುಂದಕ್ಕೆ ಬೀಸುತ್ತದೆ. ಮೀನಖಂಡಕ್ಕೂ ಮಂಡಿಗೂ ಒಟ್ಟಿಗೇ ಕೆಲಸ. ನಾನು ಹತ್ತು ಹೊಡೆದು ನಿಂತರೆ ವಸ್ತಾದರು ಕೇಳಿದರು: “ಬೆವರ ಬಂತೇನ್ ತಮ್ಮಾ? ಇಲ್ಲಲ್ಲ? ಇನ್ನಾ ಹತ್ ತಗಿ.” ಗಡಿಯಾರ ನೋಡಲಿಲ್ಲ, ಹಣೆ ನೋಡಿದರು. ಸ್ನಾಯು ಒಂದು ಡಿಗ್ರಿ ಬಿಸಿಯಾದರೂ ಓಟ, ಜಿಗಿತದ ಜೋರು ಶೇ. 2ರಿಂದ 5ರಷ್ಟು ಏರಬಹುದು ಅನ್ನುತ್ತಾರೆ ಕ್ರೀಡಾ ವಿಜ್ಞಾನಿಗಳು.

ತೊಂದರೆ ಇಷ್ಟೇ: ಪೈಲ್ವಾನರ ಬೈಠಕ್ ನೂರರ ಲೆಕ್ಕದಲ್ಲಿ ಹೋಗುತ್ತದೆ. ಅದು ಸಾಮು, ವಾರ್ಮ್ ಅಪ್ ಅಲ್ಲ. ಅಷ್ಟು ಹೊಡೆದು ಮೈದಾನಕ್ಕೆ ಇಳಿದರೆ ಓಡೋಕೆ ಕಾಲೇ ಇರಲ್ಲ. ಮಂಡಿನೋವಿದ್ದವರು ಪೂರ್ತಿ ಕೂರುವ ಬೈಠಕ್ ಬಿಡುವುದೇ ಒಳ್ಳೆಯದು.

ಇನ್ನು ಫಿಫಾ 11+, ಗಾಯ ತಪ್ಪಿಸೋಕೆ ಅಂತ ಫುಟ್‌ಬಾಲ್ ಆಟಗಾರರಿಗೆಂದೇ ಮಾಡಿದ ವಾರ್ಮ್ ಅಪ್. ಹೆಸರು ಹನ್ನೊಂದು, ವ್ಯಾಯಾಮ ಹದಿನೈದು. ಸುಮಾರು 20 ನಿಮಿಷದ್ದು, ಮೂರು ಭಾಗ. ಮೊದಲು ಎಂಟು ನಿಮಿಷ ನಿಧಾನ ಓಟ. ನಡುನಡುವೆ ಮಂಡಿ ಎತ್ತಿ ಸೊಂಟ ಹೊರಕ್ಕೆ, ಒಳಕ್ಕೆ ತಿರುಗಿಸುವುದು, ಜೊತೆಗಾರನನ್ನು ಸುತ್ತು ಹಾಕುವುದು, ಜಿಗಿದು ಭುಜಕ್ಕೆ ಭುಜ ತಾಗಿಸುವುದು. ಆಮೇಲೆ ಹತ್ತು ನಿಮಿಷ ಪ್ಲ್ಯಾಂಕ್ (ಮೊಣಕೈಯೂರಿ ಮೈ ನೆಟ್ಟಗೆ ಹಿಡಿಯುವುದು), ಒಂಟಿ ಕಾಲಲ್ಲಿ ನಿಲ್ಲೋದು, ಸ್ಕ್ವಾಟ್, ಜಿಗಿತ. ಕೊನೆಗೆ ಎರಡು ನಿಮಿಷ ಜೋರು ಓಟ, ದಿಕ್ಕು ಬದಲಿಸಿ ತಿರುಗುವುದು. ನಾರ್ವೆಯಲ್ಲಿ 13ರಿಂದ 17 ವರ್ಷದ ಫುಟ್‌ಬಾಲ್ ಹುಡುಗಿಯರ ಮೇಲೆ ನಡೆದ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಇದನ್ನು ಮಾಡಿದ ತಂಡಗಳಲ್ಲಿ ಒಟ್ಟು ಗಾಯಗಳು ಸುಮಾರು ಮೂರನೇ ಒಂದು ಭಾಗ ಕಡಿಮೆಯಿದ್ದವು. ಪಿ.ಟಿ. ಡ್ರಿಲ್‌ಗೆ ಇಂಥ ಸಾಕ್ಷಿ ಇಲ್ಲ.

ಇದರಲ್ಲಿ ಒಂದು ವ್ಯಾಯಾಮ ಮಾತ್ರ ಯಮಯಾತನೆ. ಮಂಡಿಯೂರಿ ಕೂತು, ಗೆಳೆಯ ಹಿಂದಿನಿಂದ ಎರಡೂ ಪಾದ ಒತ್ತಿ ಹಿಡಿದಿರುವಾಗ, ಬೆನ್ನು ನೇರ ಇಟ್ಟು ನಿಧಾನವಾಗಿ ಮುಂದಕ್ಕೆ ಬಾಗುವುದು. ಅರ್ಧ ದಾರಿಗೆ ತೊಡೆ ನಡುಗುತ್ತದೆ, ಆಮೇಲೆ ದೊಪ್ಪನೆ ಕೈಮೇಲೆ ಬೀಳುತ್ತೀರಿ. ತೊಡೆಯ ಹಿಂದಿನ ಸ್ನಾಯು ಹರಿಯದಂತೆ ಕಾಯೋಕೆ ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಹೊಸಬರಿಗೆ ಮೂರರಿಂದ ಐದು ಸಾಕು. ಮಾರನೇ ದಿನ ಕುರ್ಚಿಯಲ್ಲಿ ಕೂರುವಾಗ ಬಾಯಲ್ಲಿ “ಅವ್ವಾ” ಅಂತ ಬರದಿದ್ದರೆ ಕೇಳಿ. ಅದಕ್ಕೇ ಏನೋ, ಮ್ಯಾಚ್ ದಿನ ನಡುವಿನ ಭಾಗ ಬಿಟ್ಟು ಓಟದ ಎರಡು ಭಾಗ ಮಾತ್ರ ಮಾಡಿ ಅಂತ 11+ನ ಕೈಪಿಡಿಯೇ ಹೇಳುತ್ತದೆ. ಇದನ್ನು ಓದದೆ ಟೂರ್ನಮೆಂಟ್ ಬೆಳಿಗ್ಗೆ ಎಲ್ಲವನ್ನೂ ಮಾಡಿಸುವ ಕೋಚ್‌ಗಳಿದ್ದಾರೆ.

ಹಾಗಾಗಿ ಫುಟ್‌ಬಾಲ್‌ಗೆ ನನ್ನ ವೋಟು 11+ಗೇ. ಭಾನುವಾರ ಓಟದ ಭಾಗಗಳು, ನಡುವೆ ಹತ್ತು ಹದಿನೈದು ಬೈಠಕ್ ಸೇರಿಸುತ್ತೇನೆ. ಪೂರ್ತಿ 11+ ವಾರದ ನಡುವೆ. ಮಳೆಗಾಲದಲ್ಲಿ ಮೈದಾನವೆಲ್ಲ ರಾಡಿಯಾದಾಗ ಪಡಸಾಲೆಯಲ್ಲೇ ಸಪಾಟಿ, ಬೈಠಕ್. ಆಗ ತಾಲೀಮೇ ಗೆಲ್ಲುತ್ತದೆ, ಎರಡು ಚಾಪೆಯಷ್ಟು ಜಾಗ ಸಾಕು.

ಯಾವುದನ್ನೇ ಮಾಡಿ, ಮುಗಿಸಿ ಕಟ್ಟೆ ಮೇಲೆ ಹರಟೆಗೆ ಕೂತರೆ ಕಾಲು ಗಂಟೆಯಲ್ಲಿ ಬಿಸಿ ಇಳಿದುಹೋಗುತ್ತದೆ. ನಮ್ಮಲ್ಲಿ ಎದುರು ತಂಡ ಹೇಳಿದ ಹೊತ್ತಿಗೆ ಬರೋದು ಅಪರೂಪ. ಅವರು ಬೂಟು ಕಟ್ಟುತ್ತಿದ್ದಾರೆ ಅಂತ ಕಂಡ ಮೇಲೆಯೇ ನಾನು ಸ್ವೆಟರ್ ಬಿಚ್ಚೋದು.